ಹಾಲಮ್ಮನ ಚಮಚ

ದಾವಣಗೆರೆಯ ಒಂದು ನರ್ಸಿಂಗ್ ಹೋಮ್... ವಾರ್ಡಿನಲ್ಲಿ ಹನ್ನೆರಡು ಬೆಡ್, ನೋಡಿಕೊಳ್ಳಲು ಗಂಗಾಂಬಿಕಾ ಸಿಸ್ಟರ್ ಒಬ್ಬರೇ.

ಸಿಸ್ಟರ್ ಯಾವ ಬೆಡ್ ಬಳಿಯೂ ನಿಂತು ಕಾಯುತ್ತಿರಲಿಲ್ಲ. ಡ್ರಿಪ್ ಹಾಕಿ, ರೋಗಿಯ ಕಡೆಯವರ ಕೈಗೆ ಒಂದು ಸ್ಟೀಲ್ ತಟ್ಟೆ, ಚಮಚ ಕೊಡುತ್ತಿದ್ದರು.

"ಏನಾರ ಆದ್ರ ಬಡೀರಿ, ಓಡಿ ಬರ್ತೀನಿ" ಎಂದು ಮುಂದಿನ ಬೆಡ್‌ಗೆ ಹೋಗಿಬಿಡುತ್ತಿದ್ದರು.

ಹೊಸ ಕಂಪ್ಯೂಟರ್ ಕೂರಿಸಲು ಬಂದ ಪ್ರೋಗ್ರಾಮರ್ ತಿಪ್ಪೇಶನಿಗೆ ಇದನ್ನು ನೋಡಿ ನಗು ಬಂತು.

"ಏನ್ರೀ ಸಿಸ್ಟರ್, ಇದು ಆಸ್ಪತ್ರೇನೋ ಖಾನಾವಳಿನೋ? ಎಲ್ಲ ಒಳಗಿಡ್ರಿ. ಇನ್ಮೇಲೆ ನನ್ ಕಂಪ್ಯೂಟರ್ ನೋಡ್ಕೊಳ್ತೈತಿ!"

ತಟ್ಟೆಗಳೆಲ್ಲ ಸ್ಟೋರ್ ರೂಮ್ ಸೇರಿದವು.

ಪ್ರತಿ ರೋಗಿಯ ಬೆರಳಿಗೂ ಆಕ್ಸಿಜನ್ ಅಳೆಯುವ ಪುಟ್ಟ ಯಂತ್ರ... ಹನ್ನೆರಡಕ್ಕೂ ಒಂದೇ ಕಂಪ್ಯೂಟರ್. ಅದು ಒಂದನೇ ಬೆಡ್ ಅನ್ನು ಕೇಳಿ, ಉತ್ತರ ಬಂದ ಮೇಲಷ್ಟೇ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ ಹೋಗುತ್ತಿತ್ತು. ಶಿಸ್ತು ಅಂದರೆ ಶಿಸ್ತು!

ಮಧ್ಯಾಹ್ನ ತಿಪ್ಪೇಶ ಡಾಕ್ಟರನ್ನು ಕರೆದು ಹೆಮ್ಮೆಯಿಂದ ಸ್ಕ್ರೀನ್ ತೋರಿಸುತ್ತಿದ್ದ. ಒಂಬತ್ತನೇ ಬೆಡ್‌ನಲ್ಲಿ ಹಾಲಮ್ಮ ಎಂಬ ಅಜ್ಜಿಯ ಗಂಡ... ಆಕ್ಸಿಜನ್ 96.

ಅಷ್ಟರಲ್ಲಿ ನಾಲ್ಕನೇ ಬೆಡ್‌ನ ಯಂತ್ರದ ಸಿಗ್ನಲ್ ಕಡಿದುಹೋಯಿತು. ಕಂಪ್ಯೂಟರ್ ಅದರ ಉತ್ತರಕ್ಕಾಗಿ ಅಲ್ಲೇ ಕಾಯುತ್ತಾ ನಿಂತಿತು. ಯಾರಿಗೂ ಗೊತ್ತಾಗಲಿಲ್ಲ.

ಐದು ನಿಮಿಷ ಕಳೆಯಿತು... ಸ್ಕ್ರೀನ್ ಮೇಲೆ ಒಂಬತ್ತನೇ ಬೆಡ್, ಇನ್ನೂ ಅದೇ ಹಳೆಯ 96.

ಟಣ್ ಟಣ್ ಟಣ್...!

ಸಿಸ್ಟರ್ ಎದ್ದೆನೋ ಬಿದ್ದೆನೋ ಎಂದು ಓಡಿದರು. "ಅಜ್ಜನ ತುಟಿ ನೀಲಿ ಆಗೈತಿ! ಆಕ್ಸಿಜನ್ ತರ್ರಿ!"

ಹಿಂದೆಯೇ ಓಡಿದ ತಿಪ್ಪೇಶ ಅಜ್ಜನ ಬೆರಳಿನ ಯಂತ್ರ ನೋಡಿದ. 71! ಸಿಸ್ಟರ್ ಅಜ್ಜನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದರು.

74... 80... 93. ಅಜ್ಜ ಕಣ್ಣು ಬಿಟ್ಟ.

ಹಾಲಮ್ಮ ತಿಪ್ಪೇಶನಿಗೆ ಕೈಮುಗಿದಳು.

"ತಪ್ಪಾತು ಸಾಹೇಬ್ರ... ನೀವು ಬ್ಯಾಡ ಅಂದಿದ್ರಿ. ತಟ್ಟೆ ಕೊಟ್ಟೆ, ಚಮಚ ಸೆರಗಿನಾಗ ಮುಚ್ಚಿಟ್ಕಂಡಿದ್ದೆ. ಭಯ ಆತು, ಮಂಚಕ್ಕ ಬಡದುಬಿಟ್ಟೆ..."

ಗಂಡನ ಜೀವ ಉಳಿಸಿದವಳು ಕ್ಷಮೆ ಕೇಳುತ್ತಿದ್ದಾಳೆ! ತಿಪ್ಪೇಶನಿಗೆ ದುಃಖ ಉಕ್ಕಿ ಬಂತು. ಅಲ್ಲೇ ಅವಳ ಕಾಲು ಹಿಡಿದ. "ತಪ್ಪು ನಂದವ್ವಾ..."

ಎದ್ದು ಹೋಗಿ ನೋಡಿದರೆ, ಕಂಪ್ಯೂಟರ್ ಇನ್ನೂ ನಾಲ್ಕನೇ ಬೆಡ್‌ನ ಉತ್ತರಕ್ಕೇ ಕಾಯುತ್ತಿತ್ತು. ಸಿಸ್ಟರ್ ಬೈಯಲಿಲ್ಲ. "ನಾಲ್ಕನೇ ಬೆಡ್‌ನೋರು ಉತ್ತರ ಕೊಡ್ಲಿಲ್ಲ ಅಂತ ನಾನೂ ಅಲ್ಲೇ ನಿಂತಿದ್ರ, ಉಳಿದ ಹನ್ನೊಂದು ಜನರ ಗತಿ ಏನು ಸಾರ್?" ಎಂದರು, ಅಷ್ಟೇ.

ಸಂಜೆಯೊಳಗೆ ತಿಪ್ಪೇಶ ಪ್ರೋಗ್ರಾಂ ಬದಲಾಯಿಸಿದ. ಕಂಪ್ಯೂಟರ್ ಅದೇ, ಒಂದೇ... ಆದರೆ ಈಗ ಅದು ಯಾರೊಬ್ಬರಿಗಾಗಿಯೂ ಕಾದು ನಿಲ್ಲುವುದಿಲ್ಲ. ಹನ್ನೆರಡೂ ಕಡೆ ಕಿವಿ ಇಟ್ಟು, ಯಾರು ಕರೆದರೆ ಅವರನ್ನು ನೋಡುತ್ತದೆ. ಯಾರಾದರೂ ತುಂಬಾ ಹೊತ್ತು ಸುಮ್ಮನಾದರೆ ಸಿಸ್ಟರನ್ನು ಕೂಗುತ್ತದೆ.

ಆಮೇಲೆ ಸ್ಟೋರ್ ರೂಮಿಗೆ ಹೋಗಿ, ತಟ್ಟೆಗಳನ್ನೆಲ್ಲ ತಾನೇ ಹೊತ್ತು ತಂದು ಪ್ರತಿ ಬೆಡ್‌ಗೂ ಹಂಚಿದ.

ಒಬ್ಬರ ಉತ್ತರಕ್ಕೆ ಕಾದು ನಿಂತವನಿಗೆ, ಉಳಿದವರ ಕರೆ ಕೇಳಿಸುವುದಿಲ್ಲ.

ಇವತ್ತು ನೀವು ಯಾವುದೋ ಒಂದು ಕಡೆ ಸಿಕ್ಕಿಕೊಂಡು ನಿಂತಿರುವಾಗ... ನಿಮ್ಮ ಮನೆಯಲ್ಲಿ ಯಾರು ಚಮಚ ಬಡಿಯುತ್ತಿದ್ದಾರೆ?