ಬಲಗಡೆ ಮಾತ್ರ ಸವೆಯುವ ಟೈರು

ಇದನ್ನು ಮನೆಯವರ ಪಕ್ಕದಲ್ಲಿ ಕೂತು ಓದಿ... ಒಬ್ಬರೇ ಓದಿ ನಕ್ಕರೆ ಆಮೇಲೆ ಪೂರ್ತಿ ಕಥೆ ಬಾಯಲ್ಲಿ ಹೇಳಬೇಕಾಗುತ್ತದೆ!

ಮೈಸೂರಿನಲ್ಲಿ ಮರಿಸ್ವಾಮಿ ಅಂತ ಒಬ್ಬರು ರಿಟೈರ್ಡ್ ಡ್ರಿಲ್ ಮೇಷ್ಟ್ರು. ಅವರ ಹತ್ತಿರ ಐವತ್ತು ವರ್ಷ ಹಳೆಯ ಜಾವಾ ಬೈಕು.

ಮೇಷ್ಟ್ರ ಬೆನ್ನು ನೆಟ್ಟಗೆ, ಮೀಸೆ ನೆಟ್ಟಗೆ, ಬೈಕು ಫಳಫಳ... ಹಿಂದಿನ ಟೈರು ಮಾತ್ರ ಸೊಟ್ಟ!

ಯಾವ ಟೈರು ಹಾಕಿದರೂ ಬಲಭಾಗ ನುಣ್ಣಗೆ ಬೋಳಾಗುತ್ತಿತ್ತು. ಎಡಭಾಗ ನೋಡಿದರೆ ಈಗ ತಾನೇ ಅಂಗಡಿಯಿಂದ ತಂದ ಹಾಗೆ!

ಕೆಲಸದಲ್ಲಿದ್ದಾಗ ಈ ಕಾಟ ಇರಲಿಲ್ಲ. ರಿಟೈರ್ ಆದ ಎಂಟು ವರ್ಷದಲ್ಲಿ ಮೂರು ಟೈರು ಹೀಗೇ ಹೋದವು.

ಒಂದು ದಿನ ತಿರುವಿನಲ್ಲಿ ಗಾಡಿ ಜಾರಿ, ಗಂಡ ಹೆಂಡತಿ ಇಬ್ಬರೂ ಸೊಪ್ಪಿನವಳ ಬುಟ್ಟಿಯ ಮೇಲೆ ಬಿದ್ದರು.

ಹೆಂಡತಿ ಜಯಶೀಲಮ್ಮ ತಲೆಯಿಂದ ದಂಟಿನ ಸೊಪ್ಪು ತೆಗೆಯುತ್ತಾ ಹೇಳಿದರು... "ಇದೇ ಕೊನೆ ರೀ. ಟೈರು ಸರಿಹೋದ್ರೆ ಸರಿ. ಇಲ್ದಿದ್ರೆ ನಾನು ಸಿಟಿ ಬಸ್ಸು, ನೀವು ನಿಮ್ ಜಾವಾ."

ಸಂತೆಗೆ, ಮಗಳ ಮನೆಗೆ, ಆಸ್ಪತ್ರೆಗೆ... ರಿಟೈರ್ ಆದ ಮೇಲೆ ಮೇಷ್ಟ್ರು ಎಲ್ಲಿಗೂ ಒಬ್ಬರೇ ಹೋದವರಲ್ಲ.

ಮರುದಿನ ಬೆಳಿಗ್ಗೆಯೇ ಹೆಂಡತಿಯನ್ನು ಆಟೋದಲ್ಲಿ ಕಳಿಸಿ, ತಾವು ಬೈಕು ತಳ್ಳಿಕೊಂಡು ದಸ್ತಗೀರ್ ಸಾಬರ ಟೈರ್ ಅಂಗಡಿಗೆ ಬಂದರು.

"ಏನ್ ಸಾಬ್ರೇ, ಡೂಪ್ಲಿಕೇಟ್ ಟೈರ್ ಕೊಟ್ಟು ಅರ್ಧ ತಲೆ ಬೋಳಿಸಿದ್ದೀರಲ್ರೀ!"

"ಬೋಳಿಸಿದ್ದು ನಾನಲ್ಲ ಮೇಷ್ಟ್ರೇ... ನೀವೇ ಬೋಳಿಸ್ಕೊಂಡು ತಂದಿದ್ದೀರಿ."

"ಅದೆಲ್ಲ ಬೇಡ. ಈ ಸಲ ಅಗಲದ್ದು ಹಾಕಿ. ಹುಡುಗ್ರು ಹಾಕಿಸ್ಕೋತಾರಲ್ಲ, ದಪ್ಪಗೆ... ಅಂಥದ್ದು!"

ಸಾಬರು ನಕ್ಕರು. "ಹಾಕ್ಬೋದು. ಆದ್ರೆ ಚೈನ್ ಕವರ್‌ಗೆ ಉಜ್ತದೆ, ಅದನ್ನ ಬಿಚ್ಚಿ ಮನೇಲಿಟ್ಟು ಬನ್ನಿ. ತಾತನ ಕಾಲಿಗೆ ಮೊಮ್ಮಗನ ಬೂಟು ತುರುಕಿದಂಗೆ ಆಯ್ತದೆ. ಹಳೇ ಗಾಡಿಗೆ ಅದರ ಅಳತೇನೇ ಚೆಂದ... ಮೂರೂಕಾಲು ಇಂಚು ಅಗಲ, ಹದಿನಾರು ಇಂಚಿನ ರಿಮ್."

"ಮತ್ತೆ ಅದೂ ಸೊಟ್ಟ ಸವೆದ್ರೆ?"

"ಹೊಸದು ಆರಿಸೋದು ಆಮೇಲೆ. ಮೊದ್ಲು ಹಳೇದು ಏನ್ ಹೇಳ್ತದೆ ಕೇಳಾಣ."

ಸಾಬರು ನೆಲಕ್ಕೆ ಕೂತು, ಕಣ್ಣು ಮುಚ್ಚಿ ಟೈರಿನ ಮೇಲೆ ಕೈಯಾಡಿಸಿದರು... ನಾಡಿ ಹಿಡಿದು ನೋಡುವ ವೈದ್ಯರ ಹಾಗೆ.

"ನಡು ಸವೆದ್ರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದ್ರೆ ಗಾಳಿ ಕಮ್ಮಿ. ಇದು ಒಂದೇ ಕಡೆ..."

ರಿಮ್ ತಿರುಗಿಸಿದರು, ಸೊಟ್ಟ ಇಲ್ಲ. ಚೈನ್ ಬಿಗಿಯುವ ನಟ್ಟು ನೋಡಿದರು, ಎರಡೂ ಕಡೆ ಸಮ.

ಕೊನೆಗೆ ಎದ್ದು ನಿಂತು, "ಅಮ್ಮಾ, ಇಬ್ರೂ ಒಂದ್ಸಲ ಗಾಡಿ ಮೇಲೆ ಕೂತ್ಕೊಳಿ" ಅಂದರು.

ಇಬ್ಬರೂ ಕೂತರು.

ಮೇಷ್ಟ್ರು ಮುಂದೆ, ಪೆಟ್ರೋಲ್ ಟ್ಯಾಂಕಿಗೆ ಅಂಟಿಕೊಂಡು. ಜಯಶೀಲಮ್ಮ ಎಡಕ್ಕೆ ಕಾಲು ಬಿಟ್ಟು, ಸೀಟಿನ ತುತ್ತತುದಿಯಲ್ಲಿ, ಹಿಂದಿನ ಕ್ಯಾರಿಯರ್ ಹಿಡಿದು ಹೊರಕ್ಕೆ ವಾಲಿಕೊಂಡು.

ಸಾಬರು ನಡುವಿನ ಖಾಲಿ ಜಾಗ ನೋಡಿದರು. "ಮಧ್ಯದಲ್ಲಿ ಯಾರಿಗಮ್ಮಾ ಸೀಟ್ ಹಿಡ್ದಿದ್ದೀರಿ? ಟವೆಲ್ ಹಾಕೋದೊಂದು ಬಾಕಿ!"

ಪಕ್ಕದ ಟೀ ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

"ಅಮ್ಮ ಎಡಕ್ಕೆ ವಾಲ್ತಾರೆ, ಬೀಳಬಾರ್ದು ಅಂತ ನೀವು ಗಾಡೀನ ಬಲಕ್ಕೆ ವಾಲಿಸ್ತೀರಿ. ಸ್ಕೂಲಿಗೆ ಒಬ್ರೇ ಹೋಗ್ತಿದ್ರಿ, ರಿಟೈರ್ ಆದ್ಮೇಲೆ ದಿನಾ ಇಬ್ರು... ಎಂಟು ವರ್ಷದಿಂದ ಟೈರು ಅದನ್ನೇ ಹೇಳ್ತಾ ಐತೆ ಮೇಷ್ಟ್ರೇ!"

ಜಯಶೀಲಮ್ಮನಿಗೆ ರೇಗಿತು. "ಅಂದ್ರೆ ನನ್ನಿಂದಾನಾ? ನಾನೇನ್ ಆನೆನಾ?"

"ತೂಕದ ಮಾತಲ್ಲಮ್ಮ... ಜಾಗದ ಮಾತು."

ಮೇಷ್ಟ್ರು ಹಿಂದೆ ತಿರುಗಿ ಗದರಿದರು. "ಅಷ್ಟು ದೂರ ಯಾಕೇ ಕೂರ್ತೀಯಾ? ಯಾರು ಹೇಳಿದ್ದು ನಿಂಗೆ?"

"ನೀವೇ."

"ನಾನಾ? ಯಾವಾಗ?"

"ಮದ್ವೆಯಾದ ವಾರ..." ಜಯಶೀಲಮ್ಮ ಸೆರಗು ಸರಿಮಾಡಿಕೊಂಡರು. "ನಿಮ್ ಸ್ಕೂಲ್ ಮುಂದೆ ಹೋಗ್ತಿದ್ವಿ. ನಿಮ್ ಭುಜ ಹಿಡ್ಕೊಂಡಿದ್ದೆ. ಹುಡುಗ್ರು ಹೋ ಅಂದ್ರು. ನಿಮ್ಗೆ ಸಿಟ್ಟು ಬಂತು. 'ಮಕ್ಳು ನೋಡ್ತಾವೆ, ಒಂದು ಕೈ ದೂರ ಕೂತ್ಕೋ' ಅಂದ್ರಿ."

ಟೀ ಅಂಗಡಿಯವರು ಗ್ಲಾಸು ಕೆಳಗಿಟ್ಟು ಇತ್ತ ತಿರುಗಿದರು...

ಮೂವತ್ತೆಂಟು ವರ್ಷ! ಆ ಹುಡುಗರಿಗೆ ಈಗ ಅವರದೇ ಮಕ್ಕಳು ದೊಡ್ಡವರಾಗಿದ್ದಾರೆ. ಆದರೆ ಆ ಒಂದು ಕೈ ದೂರ ಮಾತ್ರ ಒಂದು ಇಂಚೂ ಕಮ್ಮಿಯಾಗಿರಲಿಲ್ಲ.

ಇಡೀ ಮೈದಾನಕ್ಕೆ ಕೇಳುವಂತೆ ಕೂಗುತ್ತಿದ್ದ ಮೇಷ್ಟ್ರು ಅವತ್ತು ಹೆಂಡತಿಗೆ ಮಾತ್ರ ಕೇಳುವಂತೆ ಹೇಳಿದರು.

"ನಾನು... ಮರ್ತೇಬಿಟ್ಟಿದ್ದೆ ಕಣೇ."

"ಹೇಳಿದೋರು ಮರೀತಾರೆ ರೀ. ಕೇಳಿಸ್ಕೊಂಡೋರಿಗೆ ಮರೆಯೋಕಾಗುತ್ತಾ?"

ಮೇಷ್ಟ್ರ ನೆಟ್ಟನೆಯ ಮೀಸೆ ನಡುಗಿತು. ಕಣ್ಣಲ್ಲಿ ನೀರು...

ದಸ್ತಗೀರ್ ಸಾಬರು ಗ್ರೀಸ್ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡರು. "ನಂಗೇನ್ ಆಗಿಲ್ಲ, ಧೂಳು, ಧೂಳು" ಅನ್ನುತ್ತಾ ಇಬ್ಬರನ್ನೂ ಇಳಿಸಿ, ಹೊಸ ಟೈರು ಹಾಕಿಕೊಟ್ಟರು. ಅದೇ ಹಳೆಯ ಅಳತೆ.

ಮೇಷ್ಟ್ರು ಕಿಕ್ ಹೊಡೆದು, ರಸ್ತೆ ನೋಡುತ್ತಲೇ ಹೇಳಿದರು. "ಹತ್ರ ಕೂತ್ಕೋ."

"ಅಯ್ಯೋ, ಜನ ನೋಡ್ತಾರೆ!"

"ನೋಡ್ಲಿ... ಬೇಕಾದ್ರೆ ಸಾಲಾಗಿ ನಿಂತ್ಕೊಂಡು ನೋಡ್ಲಿ!"

ಜಯಶೀಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಹತ್ತಿ, ಸರಿದು ಕೂತು, ಮೆಲ್ಲಗೆ ಗಂಡನ ಭುಜದ ಮೇಲೆ ಕೈಯಿಟ್ಟರು. ಗಾಡಿ ನೆಟ್ಟಗೆ ಹೊರಟಿತು.

ಒಂದು ತಿಂಗಳಾಯಿತು. ಬೀದಿಯ ಇಸ್ತ್ರಿ ಅಂಗಡಿಯ ಮಾದೇವಮ್ಮ ಮೇಷ್ಟ್ರನ್ನು ತಡೆದು ಕೇಳಿದಳು...

"ಏನ್ ಸಾ, ನಿಮ್ ಶರ್ಟೆಲ್ಲ ಭುಜದ ತಾವು ಹಿಂಗ್ ಮುದುರೋಗವೆ? ಎಷ್ಟ್ ತಿಕ್ಕಿದ್ರೂ ಹೋಗಾಕಿಲ್ಲ!"

ಮೇಷ್ಟ್ರು ಭುಜವನ್ನೊಮ್ಮೆ ಸವರಿಕೊಂಡು ಹೇಳಿದರು...

"ಬುಡವ್ವಾ. ಅದೊಂದು ಹಂಗೇ ಇರ್ಲಿ."

ಹತ್ತಿರದವರನ್ನು ದೂರ ಕೂರಿಸಿದ ಮಾತು ತಾನಾಗಿ ಸವೆಯುವುದಿಲ್ಲ... ಆಡಿದವರೇ ಅದನ್ನು ವಾಪಸ್ ತೆಗೆದುಕೊಳ್ಳಬೇಕು.

ನೀವು ಎಂದೋ ಹೇಳಿ ಮರೆತ ಯಾವ ಮಾತನ್ನು ನಿಮ್ಮ ಮನೆಯಲ್ಲಿ ಯಾರು ಇವತ್ತಿಗೂ ಪಾಲಿಸುತ್ತಿದ್ದಾರೆ... ಒಂದು ಸಲ ಕೇಳಿ ನೋಡುತ್ತೀರಾ?