ಗಾಜಿನ ಮೇಲಿನ ಹೊಳಪು

ಮತ್ತೆ ಹಾಳಾಗಿತ್ತು. ಯಲವಿಗಿ ಸ್ಟೇಷನ್ನಿನಿಂದ ರೈಲು ಹೊರಟು ಕೊನೆಯ ಡಬ್ಬಿಯೂ ಮರೆಯಾದ ಮೇಲೆ ತೌಹೀದ ಕ್ಯಾಮರಾದ ಪರದೆ ನೋಡಿ ಹಲ್ಲು ಕಚ್ಚಿದ. ಎಸಿ ಡಬ್ಬಿಯ ಕಿಟಕಿಯಲ್ಲಿ ತಂಗಿ ಶಬನಮಳ ಮುಖ ಅರ್ಧಂಬರ್ಧ. ಅದರ ಮೇಲೆ ಆಕಾಶ, ಬೇವಿನ ಮರ, ನೀರಿನ ನಳ, ಅತ್ತಿತ್ತ ನಿಂತ ಜನ, ಬಿಳಿ ಬಿಳಿ ಮಸುಕು. ಇಡೀ ಪ್ಲಾಟ್‌ಫಾರ್ಮೇ ಗಾಜಿಗೆ ಅಂಟಿಕೊಂಡಿತ್ತು.

ಸವಣೂರಿನಲ್ಲಿ ಅವನದು ಫೋಟೋ ಸ್ಟುಡಿಯೋ. ಮಂದ ಬೆಳಕಿನ ಮದುವೆ ಹಾಲಿನಲ್ಲೂ ಮದುಮಗಳ ಕಣ್ರೆಪ್ಪೆ ಎಣಿಸುವಂತೆ ಚಿತ್ರ ತೆಗೆಯುವವನು, ಒಂದು ಗಾಜಿನ ಮುಂದೆ ಸೋತು ಕೂತಿದ್ದ.

ಶಬನಮ ಅಪ್ಪ ಗೊತ್ತು ಮಾಡಿದ ಸಂಬಂಧ ಬಿಟ್ಟು, ತಾನು ಮೆಚ್ಚಿದವನನ್ನು ನಿಕಾಹ್ ಆಗಿದ್ದಳು. “ಆಕಿ ಮಾರಿ ನೋಡಂಗಿಲ್ಲ” ಎಂದುಬಿಟ್ಟಿದ್ದ ಅಪ್ಪ ಬಂದೇಸಾಬ. ಅಂದಿನಿಂದ ಮನೆಯಲ್ಲಿ ಅವಳ ಹೆಸರಿಲ್ಲ. ದಾವಣಗೆರೆಯ ಗಂಡನ ಮನೆಯಿಂದ ಹುಬ್ಬಳ್ಳಿಯ ಕೆಲಸಕ್ಕೆ ಪ್ರತಿ ಭಾನುವಾರ ಅವಳು ಹೋಗುವುದು ಇದೇ ರೈಲಿನಲ್ಲಿ. ಯಲವಿಗಿಯಲ್ಲಿ ಅದು ನಿಂತಿತು ಎನ್ನುವಷ್ಟರಲ್ಲಿ ಹೊರಡುತ್ತದೆ. ಅಷ್ಟರೊಳಗೆ ಪ್ರತಿ ಸಲವೂ ತನ್ನದೊಂದು ಫೋಟೋ ಬೇಕೆಂದು ಅವಳ ಹಟ.

“ಬಾಗಿಲಿಗಾದ್ರೂ ಬಾ,” ಎಂದು ಅವತ್ತು ಫೋನಿನಲ್ಲಿ ರೇಗಿದ.

“ಬ್ಯಾಡಣ್ಣ. ನಾ ಕುಂತಲ್ಲೇ ತಗಿ.”

“ಹಂಗಾರ ನೀನ ಸೆಲ್ಫಿ ತಕ್ಕೊ. ಈ ಗಾಜಿನಾಗ ನೀ ಕಾಣಂಗೇ ಇಲ್ಲ.”

“ನೀ ತಗದಿದ್ದ ಬೇಕು. ಹೆಂಗರ ಇರ್ಲಿ, ಕಳಸು.”

ಹೆಂಗರ ಇರ್ಲಿ! ಆ ಮಾತೇ ಚುಚ್ಚಿತು. ಅಣ್ಣನ ಕೈಲಾಗದ್ದನ್ನು ಮುಚ್ಚಲು ಹಾಗೆನ್ನುತ್ತಾಳೆ ಅಂದುಕೊಂಡ. ಅಷ್ಟರಲ್ಲಿ ಅವಳೇ ಮೆಲ್ಲಗೆ, “ಮುಂದಿನ ವಾರದ್ದ ಕಡೀದು. ಇವರಿಗೆ ಮಂಗಳೂರಿಗೆ ವರ್ಗ ಆಗೈತಿ. ನಾನೂ ಕೆಲಸ ಬಿಡಾಕತ್ತೇನಿ,” ಎಂದಳು.

ತೌಹೀದ ಮರುದಿನವೇ ಹುಬ್ಬಳ್ಳಿಯ ಕ್ಯಾಮರಾ ಅಂಗಡಿಗೆ ಹೋದ. ಅಂಗಡಿಯ ಸುಭಾಸ ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಕೊಟ್ಟು, “ಗಾಜಿಗೆ ಎದುರಾಗಿ ನಿಂದರಬ್ಯಾಡ್ರಿ. ಓರೆಯಾಗಿ ನಿಂತು ಈ ಬಳೆ ತಿರುವ್ರಿ. ಹೊಳಪು ತಾನ ಹೋಗತೈತಿ,” ಎಂದ.

ಮನೆಯ ಅಂಗಳದಲ್ಲಿ ಕಿಟಕಿಯ ಗಾಜಿನ ಎದುರು ಅದನ್ನು ಪರೀಕ್ಷಿಸುತ್ತಿದ್ದಾಗ, ವೀಳ್ಯದೆಲೆಯ ಕಟ್ಟು ಕಟ್ಟುತ್ತಿದ್ದ ಬಂದೇಸಾಬ ತಲೆಯೆತ್ತಿದ.

“ಏನದು?”

“ಫಿಲ್ಟರ್. ಗಾಜಿನ ಮ್ಯಾಲಿಂದೆಲ್ಲಾ ಅಳಸತೈತಿ.”

“ಪೂರಾ?”

“ಪೂರಾ.”

“ಚಲೋ ಆತು,” ಎಂದವನೇ ಮತ್ತೆ ಎಲೆಗೆ ಕೈ ಹಚ್ಚಿದ.

ತೌಹೀದನಿಗೆ ಮೈ ಉರಿಯಿತು. ಮಗ ಭಾನುವಾರ ಕ್ಯಾಮರಾ ಹೊತ್ತು ಎಲ್ಲಿಗೆ ಹೋಗುತ್ತಾನೆಂದು ಈ ಮನುಷ್ಯನಿಗೆ ಗೊತ್ತಿಲ್ಲವೇ? ಹುಡುಗಿ ಹೇಗಿದ್ದಾಳೆ ಎಂದು ಒಮ್ಮೆಯಾದರೂ ಕೇಳಬಾರದೇ? ಇವನೋ, ಭಾನುವಾರ ಊಟ ಮುಗಿಸಿ ಎಲೆತೋಟಕ್ಕೆಂದು ಹೊರಟರೆ ತಿರುಗಿ ಬರುವುದು ಸಂಜೆಗೇ.

ಕೊನೆಯ ಭಾನುವಾರ ರೈಲು ತಡವಾಗಿ ಬಂತು. ತೌಹೀದ ಚೀಲ ಹೊತ್ತವರನ್ನು ತಳ್ಳಿಕೊಂಡು ಅವಳ ಕಿಟಕಿಗೆ ಓರೆಯಾಗಿ ನಿಂತ. ಗಾಜಿನ ತುಂಬ ಅದೇ ಆಕಾಶ, ಅದೇ ಜನ. ಬಳೆ ತಿರುವಿದ. ಮರ ಕರಗಿತು. ಜನ ಕರಗಿದರು. ಬಿಳಿ ಮಸುಕೂ ಆರಿಹೋಯಿತು. ಗಾಜೇ ಇಲ್ಲವೇನೋ ಎಂಬಂತೆ ಶಬನಮ ಕಂಡಳು: ನೀಲಿ ದುಪಟ್ಟಾ, ಮೂಗಿನ ಮೇಲಿನ ಮಚ್ಚೆ, ತುಂಬಿದ ಕಣ್ಣು. ಆ ಕಣ್ಣು ಮಾತ್ರ ಅವನನ್ನು ದಾಟಿ ಎಲ್ಲೋ ನೆಟ್ಟಿತ್ತು. “ಇಲ್ಲಿ ನೋಡ!” ಎಂದು ಕೈ ಮಾಡಿದ. ನೋಡಲಿಲ್ಲ. ಇರಲಿ ಎಂದು ಗುಂಡಿ ಒತ್ತಿದ. ರೈಲು ಚಲಿಸಿತು.

ಅಲ್ಲೇ ಬೆಂಚಿನ ಮೇಲೆ ಕೂತು ಚಿತ್ರವನ್ನು ಫೋನಿಗಿಳಿಸಿ ಕಳಿಸಿದ. ಇಷ್ಟು ದಿನಗಳ ಸಿಟ್ಟೆಲ್ಲ ಇಳಿದು ಎದೆ ಹಗುರಾಗಿತ್ತು. ತುಸು ಹೊತ್ತಿಗೇ ಅವಳ ಫೋನು ಬಂತು.

“ಈಗ ಹೆಂಗೈತಿ?” ಎಂದ, ಗೆದ್ದವನ ದನಿಯಲ್ಲಿ.



“ಎಲ್ಲಾ ಫೋಟೋದಾಗೂ ಗಾಜಿನ ಮ್ಯಾಲೆ ಅಪ್ಪ ನನ್ನ ಬಾಜೂಕ ನಿಂತಿರ್ತಿದ್ದ ಅಣ್ಣಾ,” ಎಂದು ಶಬನಮ ಬಿಕ್ಕಿದಳು, “ಇವತ್ತೂ ಬಂದು ನಳದ ಹಂತ್ಯಾಕ ನಿಂತಿದ್ದ, ಯಾಕ ಅಳಸಿದಿ?”