ಬಿಸಿಯಾಗುವ ತನಕ

ಗುಂಡಿ ತಿರುಗಿಸಿದ ಅಫ್ರಕೋಮಾ ಅಜ್ಜಿ ಕುರ್ಚಿಯ ಕಡೆ ಎರಡು ಹೆಜ್ಜೆಯೂ ಇಟ್ಟಿರಲಿಲ್ಲ, ತಾತನ ರೇಡಿಯೊ ಘಾನಾದ ಹಳೇ ಹೈಲೈಫ್ ಹಾಡು ಶುರುಮಾಡಿಬಿಟ್ಟಿತು. ಅಜ್ಜಿ ನಿಂತಲ್ಲೇ ನಿಂತಳು.

"ಇದು ನಮ್ಮದಲ್ಲ ಕಣೇ. ನಮ್ಮದು ನಿಧಾನಕ್ಕೆ ಬಿಸಿಯಾಗಿ, ನಾನು ಕೂತ ಮೇಲೇ ಬಾಯಿ ಬಿಡ್ತಿತ್ತು. ಅದರ ಕರುಳೆಲ್ಲ ಕಿತ್ತುಹಾಕಿದೀಯೇನೇ?"

ಬರೀ ರಿಪೇರಿ ಎಂದು ಮಾತು ಕೊಟ್ಟಿದ್ದ ಮೊಮ್ಮಗಳು ಸೆರ್ವಾ, ಬಿಸಿಯಾಗಲು ಹೊತ್ತು ಹಿಡಿಯುತ್ತಿದ್ದ, ಈಗ ಸುಟ್ಟುಹೋದ ಗಾಜಿನ ವಾಲ್ವುಗಳನ್ನು ಕುಮಾಸಿ ಪೇಟೆಯ ಗುಜರಿಗೆ ಹಾಕಿ, ಒಳಗೆ ಬ್ಲೂಟೂತ್ ಸ್ಪೀಕರ್ ಕೂರಿಸಿದ್ದಳು. ಬೆನ್ನ ಹಿಂದೆ ಹಿಡಿದಿದ್ದ ಫೋನಿನಲ್ಲಿ ಹಾಡು ನಿಲ್ಲಿಸಿದಳು.

"ಇನ್ನೊಂದ್ಸಲ ತಿರುಗಿಸಜ್ಜಿ."

ಅಜ್ಜಿ ತಿರುಗಿಸಿದಳು. ನಡೆದುಹೋಗಿ, ಸೊಂಟದ ಬಟ್ಟೆ ಸರಿಮಾಡಿಕೊಂಡು ಕೂತಳು. ಸೆರ್ವಾ ಬೆನ್ನ ಹಿಂದೆಯೇ ಫೋನಿನ ಮೇಲೆ ಹೆಬ್ಬೆರಳು ಒತ್ತಿದಳು. ಹಾಡು ಬಂತು.

"ಹೂಂ, ಈಗ ಬಿಸಿಯಾಯ್ತು," ಎಂದಳು ಅಜ್ಜಿ, ಮೊಮ್ಮಗಳ ಬೆನ್ನ ಹಿಂದಿನ ಕೈಯನ್ನೇ ನೋಡುತ್ತ. "ನಾಳೆ ನೀನು ಕೆಲಸಕ್ಕೆ ಹೋದಾಗ ಯಾರು ಬಿಸಿಮಾಡ್ತಾರೆ?"